ಎರಡು ಕ್ಲಾರಿನೆಟ್, ಒಂದೇ ಸ್ಟಾಫ್: ಇಂಪ್ಲೋಡ್ ಒತ್ತಿದ ಮೇಲೆ ಕೈಯಲ್ಲಿ ಮಾಡಬೇಕಾದ್ದು ಏನೇನು?

ಬೆಣ್ಣೆದೋಸೆ_ಬೀಫ್ಲಾಟ್ (ದಾವಣಗೆರೆ)

ನಮಸ್ಕಾರ. ಆಗಸ್ಟ್ 15ಕ್ಕೆ ಶಾಲಾ ಬ್ಯಾಂಡಿನ ಮಾರ್ಚ್, 64 ಬಾರ್ (ತಾಳದ ಆವರ್ತದಂಥ ಅಳತೆ), 4/4 ಅಂದ್ರೆ ಬಾರಿಗೆ ನಾಲ್ಕು ಎಣಿಕೆ, ಮ್ಯೂಸ್‌ಸ್ಕೋರ್ 4 ಅನ್ನೋ ಸ್ವರಲಿಪಿ ತಂತ್ರಾಂಶದಲ್ಲಿ ಹಾಕಿದ್ದು. ಒಟ್ಟು 12 ಸ್ಟಾಫ್ (ಸ್ವರ ಬರೆಯೋ ಗೆರೆಗಳ ಸಾಲು): ಕ್ಲಾರಿನೆಟ್ 1, 2, ಆಲ್ಟೊ ಸ್ಯಾಕ್ಸ್ 1, 2, ಟ್ರಂಪೆಟ್ 1, 2, ಟ್ರಂಬೋನ್ 1, 2, ಯುಫೋನಿಯಂ, ಟ್ಯೂಬಾ, ಸೈಡ್ ಡ್ರಮ್, ಬಾಸ್ ಡ್ರಮ್. ಬ್ಯಾಂಡ್ ಮಾಸ್ಟರ್ ಕೈಗೆ ಕೊಡೋ ಸ್ಕೋರಲ್ಲಿ ಜೋಡಿಗಳನ್ನ ಒಂದೊಂದು ಸ್ಟಾಫಿಗೆ ಇಳಿಸಿ 8ಕ್ಕೆ ತರಬೇಕು.

ಕ್ಲಾರಿನೆಟ್ ಜೋಡಿ ಆರಿಸಿ ಟೂಲ್ಸ್‌ನಲ್ಲಿ ಇಂಪ್ಲೋಡ್ (ಹಲವು ಸ್ಟಾಫನ್ನ ಒಂದಕ್ಕೆ ಕೂಡಿಸೋ ಆಜ್ಞೆ) ಕೊಟ್ಟರೆ ಕೆಲವು ಬಾರ್ ನೀಟಾಗಿ ಬರ್ತಾವೆ, ಕೆಲವು ಕಲಸುಮೇಲೋಗರ. ಮುಖ್ಯವಾಗಿ ಮೂರು ಕಡೆ ತೊಡಕು.

ಬಾರ್ 17: ಒಂದನೇದು ಮೇಲಿನ ಡಿ ಡಾಟೆಡ್ ಕ್ರಾಚೆಟ್ (ಒಂದೂವರೆ ಎಣಿಕೆ), ಸಿ ಕ್ವೇವರ್ (ಅರ್ಧ ಎಣಿಕೆ), ಬಿ ಮಿನಿಮ್ (ಎರಡು ಎಣಿಕೆ). ಎರಡನೇದು ಬಿ ಕ್ರಾಚೆಟ್ (ಒಂದು ಎಣಿಕೆ), ಎ ಕ್ರಾಚೆಟ್, ಜಿ ಮಿನಿಮ್.
ಬಾರ್ 22: ಒಂದನೇದು ಜಿ ಮಿನಿಮ್, ಅದೇ ಹೊತ್ತಿಗೆ ಎರಡನೇದು ಜಿ ಕ್ರಾಚೆಟ್, ಎಫ್ ಕ್ರಾಚೆಟ್.
ಬಾರ್ 30ರಿಂದ 37: ಎರಡನೇ ಕ್ಲಾರಿನೆಟ್ ಒಂದನೇದಕ್ಕಿಂತ ಮೇಲೆ ಹೋಗ್ತದೆ.

ಇದಕ್ಕೆ ಸರಿಯಾದ ಕ್ರಮ ಏನು?

ಐದುಗೆರೆ

ಮೊದಲು ಆ ಕಡತಕ್ಕೆ ಒಂದು ನಕಲು ಮಾಡಿ. 12 ಸ್ಟಾಫ್ ಇರೋದು ಮೂಲ, ಅದರಿಂದ ಹುಡುಗರ ಪಾರ್ಟ್ (ಒಬ್ಬೊಬ್ಬರ ಹಾಳೆ) ತೆಗೀರಿ. 8 ಸ್ಟಾಫಿನದು ಮಾಸ್ಟರ್‌ಗೆ ಮಾತ್ರ. ಒಂದೇ ಕಡತದಲ್ಲಿ ಎರಡೂ ಮಾಡಬಹುದು, ಅದರ ಕಥೆ ಆಮೇಲೆ ಹೇಳ್ತೀನಿ.

ಇನ್ನು ಇಂಪ್ಲೋಡ್. ಆ ಒಂದೇ ಗುಂಡಿಗೆ ಎರಡು ಕೆಲಸ ಅನ್ನೋದು ಗೊತ್ತಿಲ್ಲದೆ ಎಲ್ಲರೂ ಗೊಂದಲ ಮಾಡ್ಕೊಳ್ತಾರೆ. ಒಂದಕ್ಕಿಂತ ಹೆಚ್ಚು ಸ್ಟಾಫ್ ಆರಿಸಿ ಒತ್ತಿದರೆ ಪ್ರತಿ ಸ್ಟಾಫಿನ ಮೊದಲ ಖಾಲಿಯಲ್ಲದ ವಾಯ್ಸ್ (ಒಂದೇ ಸ್ಟಾಫಲ್ಲಿ ಬೇರೆಯಾಗಿ ನಡೆಯೋ ಸ್ವರದ ಎಳೆ) ಎತ್ತಿ, ಆಯ್ಕೆಯಲ್ಲಿ ಎಲ್ಲಕ್ಕಿಂತ ಮೇಲಿರೋ ಸ್ಟಾಫಿಗೆ ವಾಯ್ಸ್ 1, 2, 3, 4 ಅಂತ ಕೂರಿಸ್ತದೆ. ನಾಲ್ಕರ ಮೇಲೆ ಇಲ್ಲ. ಒಂದೇ ಸ್ಟಾಫ್ ಆರಿಸಿ ಒತ್ತಿದರೆ ಅದರೊಳಗಿನ ವಾಯ್ಸ್‌ಗಳನ್ನೆಲ್ಲ ವಾಯ್ಸ್ 1ಕ್ಕೆ ಎಳೆದು ಕಾರ್ಡ್ ಮಾಡ್ತದೆ. ಮೊದಲನೇದರಲ್ಲಿ ಎರಡು ಸ್ಟೆಮ್ (ನೋಟಿನ ಕಡ್ಡಿ), ಎರಡನೇದರಲ್ಲಿ ಒಂದೇ ಸ್ಟೆಮ್ ಮೇಲೆ ಎರಡು ತಲೆ (ನೋಟಿನ ಗುಂಡು), ಅದೇ ಕಾರ್ಡ್.

ಹಾಗಾಗಿ ಎರಡು ಸುತ್ತಲ್ಲಿ ಮಾಡ್ರಿ. ಮೊದಲ ಸುತ್ತಲ್ಲಿ ಕ್ಲಾರಿನೆಟ್ 1ರ ಬಾರ್ 1 ಒತ್ತಿ, ಶಿಫ್ಟ್ ಹಿಡಿದು ಕ್ಲಾರಿನೆಟ್ 2ರ ಬಾರ್ 64 ಒತ್ತಿ, ಇಂಪ್ಲೋಡ್. ಈಗ ಮೇಲಿನ ಸ್ಟಾಫಲ್ಲಿ ಒಂದನೇದು ನೀಲಿ, ಎರಡನೇದು ಹಸಿರು (ನೋಟ್ ಆರಿಸಿದಾಗ ಕಾಣೋ ಬಣ್ಣ ಅದೇ). ಕೆಳಗಿನ ಸ್ಟಾಫ್ ತಾನಾಗಿ ಹೋಗಲ್ಲ, ಹಾಗೇ ಉಳೀತದೆ. ಎಲ್ಲ ತಾಳೆ ನೋಡಿದ ಮೇಲೆ ನೀವೇ ತೆಗೀಬೇಕು, ಅಲ್ಲಿವರೆಗೆ ಇರಲಿ.

ಎರಡನೇ ಸುತ್ತಲ್ಲಿ ಇಬ್ಬರ ಗತಿಯೂ ಒಂದೇ ಇರೋ ಬಾರ್‌ಗಳನ್ನ ಮಾತ್ರ, ಮೇಲಿನ ಸ್ಟಾಫ್ ಒಂದರಲ್ಲೇ ಆರಿಸಿ ಮತ್ತೆ ಇಂಪ್ಲೋಡ್. ಅವು ಕಾರ್ಡ್ ಆಗ್ತಾವೆ.

ಬಾರ್ 17ರಲ್ಲಿ ಎರಡನೇ ಸುತ್ತು ಬೇಡವೇ ಬೇಡ. ಗತಿ ಬೇರೆ ಇದ್ದಲ್ಲಿ ಒತ್ತಿದರೆ ಒಂದನೇ ಎಣಿಕೆಯ ಬಿ, ಡಿ ಜೊತೆ ಅಂಟ್ಕೊಂಡು ಒಂದೂವರೆ ಎಣಿಕೆಗೆ ಹಿಗ್ಗುತ್ತದೆ. ಎರಡನೇ ಎಣಿಕೆಯ ಎ ಜೊತೆಗೆ ಮೇಲೆ ಯಾವ ನೋಟೂ ಶುರುವಾಗಲ್ಲ, ಅದಕ್ಕೆ ಅಂಟಿಕೊಳ್ಳೋಕೆ ಜಾಗವೇ ಇಲ್ಲ. ನಿಮ್ಮ ಕಲಸುಮೇಲೋಗರ ಅದೇ.

ದುರ್ಗದ_ಟ್ರಂಬೋನ್ (ಚಿತ್ರದುರ್ಗ)

ಐದುಗೆರೆ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಬಾರ್ 17ರಲ್ಲಿ ಮೂರು-ನಾಲ್ಕನೇ ಎಣಿಕೆ ಇಬ್ಬರಿಗೂ ಮಿನಿಮ್ಮೇ ಐತೆ, ಅದನ್ನ ಕಾರ್ಡ್ ಮಾಡೋಣ ಅನ್ಸುತ್ತೆ. ಮಾಡಬ್ಯಾಡ್ರಿ. ಒಂದೇ ಬಾರಿನ ಒಳಗೆ ಎರಡು ಸ್ಟೆಮ್ಮಿಂದ ಒಂದು ಸ್ಟೆಮ್ಮಿಗೆ ಹಾರಿದ್ರೆ ಓದೋನ ಕಣ್ಣು ಅಲ್ಲೇ ಎಡವುತ್ತೆ. ಬಾರಿನೊಳಗೆ ಒಂದು ಎಣಿಕೆ ಬೇರೆ ಆದ್ರೂ ಇಡೀ ಬಾರು ಎರಡು ಸ್ಟೆಮ್. ಇನ್ನೂ ಹೇಳ್ಬೇಕಂದ್ರೆ ಆ ಸಾಲು ಮುಗಿಯೋ ತನಕ, ಅಂದ್ರೆ ನಾಲ್ಕು ಬಾರಿನ ಫ್ರೇಸ್ ಇದ್ರೆ ನಾಲ್ಕಕ್ಕೂ ಎರಡು ಸ್ಟೆಮ್ ಇಟ್ರೆ ಚೆಂದ.

ಸ್ಲರ್ (ನೋಟುಗಳನ್ನ ಜೋಡಿಸಿ ನುಡಿಸ್ರಿ ಅನ್ನೋ ಕಮಾನು) ಬೇರೆ ಬೇರೆ ಇದ್ರೂ ಕಾರ್ಡ್ ಆಗಲ್ಲ. ಒಂದನೇದು ನಾಲ್ಕು ನೋಟಿಗೆ ಒಂದೇ ಸ್ಲರ್, ಎರಡನೇದು ಎರಡೆರಡಕ್ಕೆ ಅಂದ್ರೆ, ಗತಿ ಒಂದೇ ಇದ್ರೂ ವಾಯ್ಸ್ ಬೇರೆ ಇಡಬೇಕು. ಟೈ (ಒಂದೇ ಸ್ವರವನ್ನ ಮುಂದಕ್ಕೆ ಉದ್ದ ಮಾಡೋ ಕಮಾನು) ಹಾಗಲ್ಲ. ಕಾರ್ಡಿನ ಒಂದೇ ತಲೆಗೆ ಟೈ ಕಟ್ಟಬಹುದು.

ಬೆಣ್ಣೆದೋಸೆ_ಬೀಫ್ಲಾಟ್

ಎರಡು ಸುತ್ತು ಮಾಡಿದೆ, 64ರಲ್ಲಿ 41 ಬಾರ್ ಕಾರ್ಡ್ ಆದ್ವು. ಉಳಿದವು ವಾಯ್ಸ್. ಆದ್ರೆ ರೆಸ್ಟ್‌ಗಳು (ಸುಮ್ಮನಿರೋ ಗುರುತು) ಮೇಲೆ ಕೆಳಗೆ ಚದುರಿ ಹೋಗ್ಯಾವೆ. ಬಾರ್ 9ರಿಂದ 12ರ ತನಕ ಎರಡನೇ ಕ್ಲಾರಿನೆಟ್ ಸುಮ್ಮನಿರ್ತದೆ, ಅಲ್ಲಿ ಹಸಿರು ರೆಸ್ಟ್ ಅಳಿಸಿದೆ. ಅಳಿಸಿದ ಕೂಡಲೇ ಒಂದನೇದರ ಸ್ಟೆಮ್‌ಗಳು ಮೇಲೆ ಕೆಳಗೆ ಸಾಮಾನ್ಯದ ಹಾಗೆ ತಿರುಗಿಕೊಂಡ್ವು. ಇದು ಸರೀನಾ?

ಐದುಗೆರೆ

ನೋಡೋಕೆ ಸರಿ, ಓದೋಕೆ ತಪ್ಪು. ವಾಯ್ಸ್ 1 ಒಂಟಿಯಾದ ಕೂಡಲೇ ಸ್ಟೆಮ್ ದಿಕ್ಕು ಮಾಮೂಲಿ ನಿಯಮಕ್ಕೆ ಹೋಗ್ತದೆ, ನಡುಗೆರೆಯ ಮೇಲಿದ್ದರೆ ಕೆಳಗೆ, ಕೆಳಗಿದ್ದರೆ ಮೇಲೆ. ಆಗ ಮಾಸ್ಟರ್‌ಗೆ ಇಬ್ಬರೂ ಒಂದೇ ನುಡಿಸ್ತಾ ಇದ್ದಾರೆ ಅಂತಲೇ ಕಾಣ್ತದೆ. ಯಾರು ಅಂತ ಬರೀಲೇಬೇಕು.

ಬಾರ್ 9ರ ಮೊದಲ ನೋಟ್ ಆರಿಸಿ ಕಂಟ್ರೋಲ್ ಟಿ ಒತ್ತಿ ಸ್ಟಾಫ್ ಟೆಕ್ಸ್ಟ್ ತೆರೆದು "1." ಅಂತ ಹಾಕಿ. ಬಾರ್ 13ಕ್ಕೆ ಇಬ್ಬರೂ ಒಂದೇ ಸ್ವರ ಹಿಡಿದರೆ "ಎ 2" (ಇಟಾಲಿಯನ್ನಿನ ಎ, ಪಕ್ಕದಲ್ಲಿ ಎರಡು). ಬೇರೆ ಬೇರೆ ಸ್ವರ ಆದರೆ ಏನೂ ಬೇಡ, ಎರಡು ತಲೆ ಕಂಡ ಕೂಡಲೇ ಗೊತ್ತಾಗ್ತದೆ. ಒಬ್ಬ ಒಂದೆರಡು ಎಣಿಕೆ ಮಾತ್ರ ಸುಮ್ಮನಿದ್ದರೆ "1." ಹಾಕೋದು ಅತಿಯಾಯ್ತು, ಅಲ್ಲಿ ರೆಸ್ಟ್ ಉಳಿಸಿ. ಒಂದು ಬಾರಿಗಿಂತ ಹೆಚ್ಚಾದರೆ ರೆಸ್ಟ್ ತೆಗೆದು ಅಂಕಿ ಹಾಕೋದು ಚೊಕ್ಕ.

ಒಂದು ಎಚ್ಚರ: "ಎ 2" ಅನ್ನೋದು ಗಾಳಿ ವಾದ್ಯದಲ್ಲಿ ಇಬ್ಬರೂ ಅದೇ ನುಡಿಸಿ ಅಂತ. ಪಿಟೀಲಿನ ಸ್ಟಾಫಿನ ಮೇಲೆ ಡಿವಿಸಿ ಪಕ್ಕದಲ್ಲಿ "ಎ 2" ಅಂದರೆ ಎರಡು ಪಾಲಾಗಿ ಅಂತ, ಪೂರ್ತಿ ಉಲ್ಟಾ. ಬ್ಯಾಂಡಿನ ಸ್ಕೋರನ್ನ ಮುಂದೆ ಪಿಟೀಲಿಗೆ ಹೊಂದಿಸುವಾಗ ಇದನ್ನ ಹಾಗೇ ಬಿಟ್ಟರೆ ಕೆಟ್ಟಿತು.

ಚದುರಿದ ರೆಸ್ಟ್ ಬಗ್ಗೆ: ಇಬ್ಬರಿಗೂ ಒಂದೇ ಹೊತ್ತಿಗೆ ಒಂದೇ ಅವಧಿಯ ರೆಸ್ಟ್ ಇದ್ದರೆ ಎರಡನ್ನೂ ಒಂದಾಗಿ ತೋರಿಸೋ "ಮರ್ಜ್ ಮ್ಯಾಚಿಂಗ್ ರೆಸ್ಟ್ಸ್" ಆಯ್ಕೆ ಇದೆ. ಆವೃತ್ತಿ ನೋಡಿಕೊಂಡು ಸ್ಟಾಫ್ ಪ್ರಾಪರ್ಟೀಸ್‌ನಲ್ಲೋ ಸ್ಟೈಲ್ ಕಿಟಕಿಯಲ್ಲೋ ಹುಡುಕಿ. ಹೊಂದದೆ ಇರೋವನ್ನ ಕೈಯಲ್ಲಿ ಸರಿಮಾಡಿ. ವಾಯ್ಸ್ 2ರ ರೆಸ್ಟ್ ಡಿಲೀಟ್ ಕೊಟ್ಟರೆ ಹೋಗ್ತದೆ. ವಾಯ್ಸ್ 1ರದು ಹೋಗಲ್ಲ, ಆರಿಸಿ ವಿ ಒತ್ತಿ ಮರೆಮಾಡಬೇಕು ಅಷ್ಟೇ.

ದುರ್ಗದ_ಟ್ರಂಬೋನ್

ಬಾರ್ 22. ಇದು ತಂತ್ರಾಂಶದ ತಪ್ಪಲ್ಲ, ಲಿಪಿಯ ನಿಯಮ. ಒಂದೇ ಸ್ವರದ ಮೇಲೆ ಎರಡು ವಾಯ್ಸ್ ಬಂದ್ರೆ ತಲೆ ಹಂಚಿಕೊಳ್ಳೋಕೆ ತಲೆಯ ರೂಪ ಒಂದೇ ಇರಬೇಕು. ಕ್ರಾಚೆಟ್ಟೂ ಕ್ವೇವರ್ರೂ ಎರಡೂ ಕಪ್ಪು ತಲೆ, ಆದ್ದರಿಂದ ಒಂದೇ ತಲೆಗೆ ಮೇಲೊಂದು ಕೆಳಗೊಂದು ಸ್ಟೆಮ್. ಮಿನಿಮ್ ಟೊಳ್ಳು, ಕ್ರಾಚೆಟ್ ಕಪ್ಪು, ಅವೆರಡು ಪಕ್ಕಪಕ್ಕ ಕೂರಲೇಬೇಕು. ಡಾಟ್ ಒಂದಕ್ಕಿದ್ದು ಇನ್ನೊಂದಕ್ಕೆ ಇಲ್ಲಾಂದ್ರೂ ಬೇರೆ ಬೇರೆ ತಲೆ. ಸೆಮಿಬ್ರೀವ್‌ಗಳು (ನಾಲ್ಕೆಣಿಕೆಯ ನೋಟ್) ಎರಡಿದ್ರೆ ಅವಕ್ಕೆ ಸ್ಟೆಮ್ಮೇ ಇಲ್ಲ, ಹಂಚಿಕೊಂಡ್ರೆ ಇಬ್ಬರು ಅಂತ ಗೊತ್ತಾಗೋದೇ ಇಲ್ಲ. ಅದಕ್ಕೆ ಅವೂ ಪಕ್ಕಪಕ್ಕ.

ಹಾಗಾಗಿ ನಿಮ್ಮ ಬಾರ್ 22ರಲ್ಲಿ ಎರಡು ಜಿ ಅಕ್ಕಪಕ್ಕ ಕಂಡ್ರೆ ಅದು ಸರಿಯೇ, ಎಳೆದು ಒಂದರ ಮೇಲೊಂದು ತರಬ್ಯಾಡ್ರಿ.

ಪಕ್ಕದ ಸ್ವರಗಳದ್ದು ಇನ್ನೊಂದು. ಎರಡು ವಾಯ್ಸ್‌ನಲ್ಲಿ ಎ ಮತ್ತು ಜಿ ಬಂದ್ರೆ ಮೇಲಿನ ಎ ಎಡಕ್ಕೆ, ಕೆಳಗಿನ ಜಿ ಬಲಕ್ಕೆ. ಅದೇ ಎರಡು ಕಾರ್ಡ್ ಆದ್ರೆ ಉಲ್ಟಾ, ಕೆಳಗಿನದು ಎಡಕ್ಕೆ, ಮೇಲಿನದು ಬಲಕ್ಕೆ. ತಂತ್ರಾಂಶ ತಾನೇ ಮಾಡುತ್ತೆ. ಆದ್ರೆ ಯಾರಾದ್ರೂ ಎಕ್ಸ್ ಒತ್ತಿ ಸ್ಟೆಮ್ ತಿರುಗಿಸಿದ್ರೆ ಈ ಲೆಕ್ಕ ಕೆಡುತ್ತೆ. ಎರಡು ವಾಯ್ಸ್ ಇರೋ ಬಾರಲ್ಲಿ ಎಕ್ಸ್ ಮುಟ್ಟಬ್ಯಾಡ್ರಿ. ಸ್ಟೆಮ್ ತಪ್ಪು ದಿಕ್ಕಿಗಿದ್ರೆ ನೋಟ್ ತಪ್ಪು ವಾಯ್ಸ್‌ನಲ್ಲೈತೆ ಅಂತ ಅರ್ಥ, ವಾಯ್ಸ್ ಬದಲಿಸ್ರಿ.

ಮಂಡಕ್ಕಿ_ಮಿರ್ಚಿ

ಇಂಪ್ಲೋಡ್ ಬಿಟ್ಟು ಬೇರೆ ದಾರಿ ಇಲ್ವಾ? ಎರಡನೇ ಸ್ಟಾಫ್ ಕಾಪಿ ಮಾಡಿ ಒಂದನೇದರ ಮೇಲೆ ಪೇಸ್ಟ್ ಮಾಡಿದ್ರೆ ಒಂದನೇದು ಅಳಿಸಿ ಹೋಗ್ತದಲ್ಲ.

ಐದುಗೆರೆ

ಹೋಗ್ತದೆ, ಯಾಕಂದರೆ ಎರಡೂ ವಾಯ್ಸ್ 1. ದಾರಿ ಹೀಗೆ. ಕೆಳಗಿನ ಸ್ಟಾಫ್ ಪೂರ್ತಿ ಆರಿಸಿ, ಟೂಲ್ಸ್, ವಾಯ್ಸಸ್, ಎಕ್ಸ್‌ಚೇಂಜ್ ವಾಯ್ಸ್ 1-2. ಈಗ ಅಲ್ಲಿನ ನೋಟೆಲ್ಲ ಹಸಿರು. ಎಫ್6 ಒತ್ತಿ ಸೆಲೆಕ್ಷನ್ ಫಿಲ್ಟರ್ ತೆರೆದು ವಾಯ್ಸ್ 1ರ ಟಿಕ್ ತೆಗೀರಿ. ಆಮೇಲೆ ಅದೇ ಬಾರ್‌ಗಳನ್ನ ಆರಿಸಿ ಕಾಪಿ. ಮೇಲಿನ ಸ್ಟಾಫಿನ ಬಾರ್ 1ರ ಮೊದಲ ನೋಟನ್ನೋ ರೆಸ್ಟನ್ನೋ ಒತ್ತಿ ಪೇಸ್ಟ್. ಮೇಲಿನ ನೀಲಿ ನೋಟ್ ಹಾಗೇ ಇರ್ತಾವೆ, ಹಸಿರು ಬಂದು ಕೂರ್ತದೆ.

ಮುಗಿದ ಮೇಲೆ ಫಿಲ್ಟರ್‌ನಲ್ಲಿ ವಾಯ್ಸ್ 1ಕ್ಕೆ ಟಿಕ್ ವಾಪಸ್ ಹಾಕಿ. ಇದನ್ನ ಮರೆತು "ಕಾಪಿ ಆಗ್ತಿಲ್ಲ, ತಂತ್ರಾಂಶ ಕೆಟ್ಟಿದೆ" ಅಂತ ತೆಗೆದು ಮತ್ತೆ ಹಾಕೋರೇ ಜಾಸ್ತಿ.

ಈ ದಾರಿಯ ಲಾಭ: ಬೇಕಾದ ಎಂಟು ಬಾರನ್ನ ಮಾತ್ರ ತರಬಹುದು, ಮೇಲಿನ ಸ್ಟಾಫಲ್ಲಿ ಮೊದಲೇ ತಿದ್ದಿದ್ದಕ್ಕೆ ಧಕ್ಕೆ ಇಲ್ಲ. ಟ್ರಿಪ್ಲೆಟ್ (ಎರಡು ನೋಟಿನ ಜಾಗದಲ್ಲಿ ಮೂರು) ಇದ್ದರೆ ಪೂರ್ತಿ ಗುಂಪನ್ನೇ ಆರಿಸಬೇಕು, ಅರ್ಧ ಟ್ರಿಪ್ಲೆಟ್ ಕಾಪಿ ಆಗಲ್ಲ. ಇಬ್ಬರಿಗೂ ಒಂದೇ ಟ್ರಿಪ್ಲೆಟ್ ಇದ್ದರೆ ಮೇಲೊಂದು ಕೆಳಗೊಂದು 3 ಬೀಳ್ತದೆ, ಒಂದನ್ನ ಮರೆಮಾಡಿ.

ಬೇರೆ ಸ್ವರಲಿಪಿ ತಂತ್ರಾಂಶಗಳನ್ನ ನೋಡಿದರೆ, ಸಿಬೇಲಿಯಸ್‌ನಲ್ಲಿ ಈ ಕೆಲಸಕ್ಕೆ ರೆಡ್ಯೂಸ್ ಅಂತ ಹೆಸರು. ಫಿನಾಲೆಯಲ್ಲೂ ಇಂಪ್ಲೋಡ್ ಇತ್ತು, ಆದರೆ 2024ರ ಆಗಸ್ಟಲ್ಲಿ ಅದರ ಬೆಳವಣಿಗೆ ನಿಲ್ಲಿಸಿದ್ದಾರೆ. ಹಳೇ ಫಿನಾಲೆ ಕಡತ ಇದ್ದರೆ ಮ್ಯೂಸಿಕ್ ಎಕ್ಸ್‌ಎಂಎಲ್‌ಗೆ (ಬೇರೆ ತಂತ್ರಾಂಶವೂ ಓದೋ ಕಡತದ ರೂಪ) ಈಗಲೇ ತೆಗೆದಿಡಿ. ಡೊರಿಕೊದಲ್ಲಿ 2019ರ ಮೂರನೇ ಆವೃತ್ತಿಯಿಂದ ಕಂಡೆನ್ಸಿಂಗ್ ಇದೆ. ಬೇರೆ ಬೇರೆ ಬರೆದಿಟ್ಟದ್ದನ್ನ ಅದೇ ಸ್ಕೋರಲ್ಲಿ ಕೂಡಿಸಿ ತೋರಿಸ್ತದೆ, ಮೂಲ ಮುಟ್ಟಲ್ಲ. ಈ ವಿಷಯದಲ್ಲಿ ಅದನ್ನ ಮೀರಿಸಿದ್ದಿಲ್ಲ, ಬೆಲೆ ಮಾತ್ರ ನಮ್ಮ ಶಾಲೆಗಳಿಗೆ ಎಟುಕದ್ದು.

ಪಠ್ಯದಲ್ಲೇ_ಬರೆಯೋನು

ಲಿಲಿಪಾಂಡ್ ಬಿಟ್ಟುಬಿಟ್ರಲ್ಲ. ದುಡ್ಡಿಲ್ಲದೆ ಸಿಗೋದು, ಪಾರ್ಟ್‌ಕಂಬೈನ್ ಅನ್ನೋ ಒಂದೇ ಆಜ್ಞೆಗೆ ಎರಡು ಪಾರ್ಟ್ ಕೊಟ್ಟರೆ ಗತಿ ಒಂದೇ ಇದ್ದಲ್ಲಿ ಕಾರ್ಡ್, ಬೇರೆ ಇದ್ದಲ್ಲಿ ಎರಡು ಸ್ಟೆಮ್, ಒಬ್ಬನೇ ಇದ್ದಲ್ಲಿ ಸೋಲೋ, ಇಬ್ಬರದ್ದೂ ಒಂದೇ ಸ್ವರ ಆದಲ್ಲಿ ಎ 2, ಎಲ್ಲ ತಾನೇ ಹಾಕ್ತದೆ. ಮೂಲ ಪಾರ್ಟ್ ಬೇರೆಯಾಗೇ ಇರೋದರಿಂದ ತಿದ್ದುಪಡಿ ಒಂದು ಕಡೆ ಮಾಡಿದರೆ ಸಾಕು. ಮಿತಿ ಎರಡೇ ಪಾರ್ಟ್. ರಿಲೇಟಿವ್ (ಹಿಂದಿನ ನೋಟಿನಿಂದ ಸ್ಥಾಯಿ ಲೆಕ್ಕ ಹಾಕೋ ಆಜ್ಞೆ) ಬಳಸೋದಾದರೆ ಪ್ರತಿ ಪಾರ್ಟಿನ ಒಳಗೆ ಹಾಕಿ, ಹೊರಗೆ ಸುತ್ತಿದರೆ ಏನೂ ಪರಿಣಾಮ ಆಗಲ್ಲ. ಸಾಹಿತ್ಯ ಇರೋ ಗಾಯನಕ್ಕೆ ಇದನ್ನ ಬಳಸಬೇಡಿ, ಅಕ್ಷರಗಳು ನೋಟಿಗೆ ಹೊಂದಿಕೊಳ್ಳಲ್ಲ.

ಆಲ್ಟೊ_ಮೇಡಂ (ದಾವಣಗೆರೆ)

ಗಾಯನದ ಮಾತು ಬಂತು, ಹೇಳ್ತೀನಿ. ಕಾಯರ್‌ನಲ್ಲಿ ಸೊಪ್ರಾನೊ, ಆಲ್ಟೊ ಒಂದು ಸ್ಟಾಫು, ಟೆನರ್, ಬಾಸ್ ಇನ್ನೊಂದು. ಇಲ್ಲಿ ಗತಿ ಒಂದೇ ಇದ್ದರೂ ನಾವು ಕಾರ್ಡ್ ಮಾಡಲ್ಲ, ಉದ್ದಕ್ಕೂ ಎರಡು ಸ್ಟೆಮ್. ಹಾಡೋರು ತಮ್ಮ ಸ್ಟೆಮ್ ದಿಕ್ಕು ಹಿಡಿದು ಹೋಗ್ತಾರೆ.

ಸಾಹಿತ್ಯ ವಾಯ್ಸ್ 1ಕ್ಕೆ ಮಾತ್ರ ಹಾಕಿ. ಆಲ್ಟೊಗೆ ಬೇರೆ ಗತಿ ಇರೋ ಬಾರಲ್ಲಿ ಮಾತ್ರ ಅವರ ಅಕ್ಷರ ಬೇರೆ ಹಾಕಬೇಕು. ಎರಡೂ ಒಂದನೇ ಚರಣ ಅಂತ ಹಾಕಿದರೆ ಒಂದೇ ಗೆರೆಯಲ್ಲಿ ಒಂದರ ಮೇಲೊಂದು ಬಿದ್ದು ಓದೋಕಾಗಲ್ಲ. ಆ ಬಾರಿನ ಸೊಪ್ರಾನೊ ಅಕ್ಷರ ಆರಿಸಿ ಪ್ರಾಪರ್ಟೀಸ್‌ನಲ್ಲಿ ಸ್ಟಾಫಿನ ಮೇಲಕ್ಕೆ ಕಳಿಸಿ, ಆಲ್ಟೊದು ಕೆಳಗಿರಲಿ.

ಕನ್ನಡದಲ್ಲಿ ಇನ್ನೆರಡು ತೊಂದರೆ. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನ ಅಂಟಿಸಿದರೆ ಬೇರೆ ಕಂಪ್ಯೂಟರಲ್ಲಿ ಗಜಿಬಿಜಿ, ಯೂನಿಕೋಡ್‌ನಲ್ಲೇ ಹಾಕಿ. ಮತ್ತೆ ಒತ್ತಕ್ಷರ ಕೆಳಗೆ ಇಳಿಯೋದರಿಂದ ಎರಡು ಚರಣ ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗ್ತದೆ. ಸಾಹಿತ್ಯದ ಸಾಲಿನ ಅಂತರ ಇಂಗ್ಲಿಷಿಗಿಂತ ಹೆಚ್ಚಿಡಬೇಕು. ಅಕ್ಷರ ಬಿಡಿಸುವಾಗ ಕ-ನ್ನ-ಡ ಅಂತ ಒತ್ತು ಮುಂದಿನ ನೋಟಿಗೆ ಹೋಗಲಿ. ಕನ್-ನ-ಡ ಅಂದರೆ ಹಾಡೋರು ನ್ ಮೇಲೆ ನಿಂತುಬಿಡ್ತಾರೆ.

ಬ್ಯಾಂಡಿನೋರಿಗೂ ಬೇಕಾದ ಒಂದು ಮಾತು: ಆಕ್ಸಿಡೆಂಟಲ್ (ಶಾರ್ಪ್, ಫ್ಲಾಟ್, ನ್ಯಾಚುರಲ್ ಗುರುತು). ಒಂದನೇ ಎಣಿಕೆಯಲ್ಲಿ ಸೊಪ್ರಾನೊಗೆ ಎಫ್ ಶಾರ್ಪ್, ಮೂರನೇ ಎಣಿಕೆಯಲ್ಲಿ ಆಲ್ಟೊಗೆ ಅದೇ ಎಫ್ ಶಾರ್ಪ್ ಇದೆ ಅನ್ಕೊಳ್ಳಿ. ತಂತ್ರಾಂಶ ಇಡೀ ಸ್ಟಾಫಿಗೆ ಒಂದೇ ಲೆಕ್ಕ ಇಡೋದರಿಂದ ಎರಡನೇ ಶಾರ್ಪ್ ತೋರಿಸಲ್ಲ. ಲೆಕ್ಕಕ್ಕೆ ಸರಿ, ಆದರೆ ಆಲ್ಟೊ ತನ್ನ ಸಾಲು ಮಾತ್ರ ನೋಡ್ತಾಳೆ, ನ್ಯಾಚುರಲ್ ಹಾಡ್ತಾಳೆ. ಪ್ಯಾಲೆಟ್‌ನಿಂದ ಆ ಶಾರ್ಪ್ ಕೈಯಲ್ಲಿ ಹಾಕಿ. ಇಬ್ಬರ ಪಾರ್ಟ್ ಕೂಡಿಸಿದ ಮೇಲೆ ಪ್ರತಿ ಬಾರಲ್ಲೂ ಇದನ್ನ ಹುಡುಕಬೇಕು, ಬೇರೆ ದಾರಿ ಇಲ್ಲ.

ಬೆಣ್ಣೆದೋಸೆ_ಬೀಫ್ಲಾಟ್

ಮೇಡಂ, ಶಾರ್ಪ್ ವಿಷಯ ಬಾರ್ 45ರಲ್ಲಿ ಸಿಕ್ತು, ಥ್ಯಾಂಕ್ಸ್. ಐದುಗೆರೆ ಸರ್, ಒಂದೇ ಕಡತದಲ್ಲಿ ಸ್ಕೋರೂ ಪಾರ್ಟೂ ಮಾಡೋದು ಹೇಗೆ ಅಂತ ಹೇಳ್ತೀನಿ ಅಂದಿದ್ರಿ.

ಐದುಗೆರೆ

ಮ್ಯೂಸ್‌ಸ್ಕೋರ್ 4ರಲ್ಲಿ ಕ್ಲಾರಿನೆಟ್‌ಗೆ ಎರಡು ಪಾರ್ಟ್ ಮಾಡಿ. ಪಾರ್ಟ್ ತೆರೆದು, ಎಫ್7 ಒತ್ತಿ ಇನ್‌ಸ್ಟ್ರುಮೆಂಟ್ಸ್ ಪಟ್ಟಿಯಲ್ಲಿ ಆ ಸ್ಟಾಫಿನ ಗಿಯರ್ ಚಿತ್ರ ಒತ್ತಿದರೆ ಯಾವ ವಾಯ್ಸ್ ಕಾಣಬೇಕು ಅಂತ ನಾಲ್ಕು ಆಯ್ಕೆ ಬರ್ತಾವೆ. ಮೊದಲ ಪಾರ್ಟಿಗೆ 1 ಮಾತ್ರ, ಎರಡನೇದಕ್ಕೆ 2 ಮಾತ್ರ.

ಆದರೆ ಇದಕ್ಕೆ ಬೆಲೆ ಇದೆ. ನೀವು 41 ಬಾರ್ ಕಾರ್ಡ್ ಮಾಡಿದ್ರಲ್ಲ, ಅವೆಲ್ಲ ಈಗ ವಾಯ್ಸ್ 1. ಒಂದನೇ ಕ್ಲಾರಿನೆಟ್ ಪಾರ್ಟಲ್ಲಿ ಎರಡು ತಲೆ ಕಾಣ್ತದೆ, ಎರಡನೇ ಪಾರ್ಟಲ್ಲಿ ಏನೂ ಇಲ್ಲ. "ಎ 2" ಹಾಕಿ ಹಸಿರು ಅಳಿಸಿದ ಬಾರ್‌ಗಳೂ ಎರಡನೇಯವನಿಗೆ ಖಾಲಿ. ಈ ಪದ್ಧತಿಗೆ ಹೋಗೋದಾದರೆ ಕಾರ್ಡೇ ಬೇಡ, ಎಲ್ಲ ಬಾರೂ ಎರಡು ವಾಯ್ಸ್, ರೆಸ್ಟ್ ಅಳಿಸಬೇಡಿ, ಒಂದೇ ಸ್ವರ ಆದಲ್ಲೂ ಎರಡು ಸ್ಟೆಮ್. ನನ್ನ ಮಟ್ಟಿಗೆ ಒಂದೇ ಕಡತದ ನೆಮ್ಮದಿ ಆ ಒರಟು ನೋಟಕ್ಕಿಂತ ದೊಡ್ಡದು.

ದುರ್ಗದ_ಟ್ರಂಬೋನ್

ಇದನ್ನ ಒಪ್ಪಲ್ಲ ಸರ್. ಸ್ಕೋರ್ ಯಾರಿಗೆ? ಬಿಸಿಲಲ್ಲಿ ಕೈಯಲ್ಲಿ ಹಿಡಿದು ಓದೋ ಮಾಸ್ಟರ್‌ಗೆ. 41 ಬಾರ್ ಕಾರ್ಡ್ ಆಗಿದ್ರೆ ಅವರ ಕಣ್ಣಿಗೆ ಒಂದೇ ಹೊಡೆತಕ್ಕೆ ಬೀಳುತ್ತೆ. ಅಷ್ಟೂ ಬಾರಲ್ಲಿ ಮೇಲೊಂದು ಕೆಳಗೊಂದು ಸ್ಟೆಮ್, ಮೇಲೊಂದು ಕೆಳಗೊಂದು ಸ್ಲರ್, ಎರಡೆರಡು ಸ್ಟಕಾಟೊ ಚುಕ್ಕೆ ಅಂದ್ರೆ ಸ್ಕೋರ್ ಇರುವೆ ಮುತ್ತಿದ ಬೆಲ್ಲದ ಹಾಗೆ ಕಾಣುತ್ತೆ. ಪಾರ್ಟ್ ಬೇರೆ ಕಡತದಿಂದ ತೆಗೀರಿ, ತಿದ್ದುಪಡಿ ಎರಡು ಕಡೆ ಮಾಡ್ರಿ. 64 ಬಾರಿಗೆ ಎಷ್ಟು ತಿದ್ದುಪಡಿ ಬರುತ್ತೆ?

ಐದುಗೆರೆ

64ಕ್ಕೆ ನೀವು ಹೇಳೋದು ಸರಿ. 400 ಬಾರಿನ ಕೃತಿ, ರಿಹರ್ಸಲ್ ನಡುವೆ ದಿನಾ ಬದಲಾಗ್ತಾ ಇದೆ ಅಂದಾಗ ಎರಡು ಕಡತ ಬೇರೆ ಬೇರೆ ದಾರಿ ಹಿಡೀತಾವೆ. ಬೆಣ್ಣೆದೋಸೆಯವರು ಎರಡು ಕಡತದಲ್ಲೇ ಮುಂದುವರೀರಿ.

ಇದರ ಜೊತೆ ಡೈನಾಮಿಕ್ಸ್ (ಸದ್ದು ಜೋರು, ಮೆಲ್ಲಗೆ ಅನ್ನೋ ಗುರುತು) ನೋಡ್ಕೊಳ್ರಿ. ಎರಡನೇ ಸ್ಟಾಫಿನ ಪಿಯಾನೊ, ಫೋರ್ಟೆ, ಹೇರ್‌ಪಿನ್ ಎಲ್ಲ ಮೇಲಿನ ಸ್ಟಾಫಿಗೆ ಬಂದಿದೆಯಾ ಅಂತ ಒಂದೊಂದಾಗಿ ತಾಳೆ ನೋಡಬೇಕು. ಇಬ್ಬರಿಗೂ ಒಂದೇ ಇದ್ದರೆ ಸ್ಟಾಫಿನ ಕೆಳಗೆ ಒಂದು ಸಾಕು. ಬೇರೆ ಇದ್ದರೆ ಒಂದನೇಯವನದು ಮೇಲೆ, ಎರಡನೇಯವನದು ಕೆಳಗೆ. 4.4 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಡೈನಾಮಿಕ್ ಯಾವ ವಾಯ್ಸ್‌ಗೆ ಅನ್ವಯ ಅಂತ ಪ್ರಾಪರ್ಟೀಸ್‌ನಲ್ಲಿ ಹೇಳಬಹುದು.

ಮಂಡಕ್ಕಿ_ಮಿರ್ಚಿ

ಹಾಗಾದ್ರೆ ಆಲ್ಟೊ ಸ್ಯಾಕ್ಸನ್ನೂ ಕ್ಲಾರಿನೆಟ್ ಸ್ಟಾಫಲ್ಲೇ ವಾಯ್ಸ್ 3 ಅಂತ ತುರುಕಿದ್ರೆ? ಎರಡೂ ರೀಡ್ ವಾದ್ಯವೇ ಅಲ್ವಾ.

ದುರ್ಗದ_ಟ್ರಂಬೋನ್

ಅಯ್ಯೋ ಬ್ಯಾಡ ಮಾರಾಯ. ಕ್ಲಾರಿನೆಟ್ ಬಿ ಫ್ಲಾಟ್, ಆಲ್ಟೊ ಇ ಫ್ಲಾಟ್. ಬ್ಯಾಂಡು ಇ ಫ್ಲಾಟ್ ಮೇಜರ್‌ನಲ್ಲಿ ನುಡಿಸ್ತಾ ಐತೆ ಅಂದ್ರೆ ಕ್ಲಾರಿನೆಟ್ ಸ್ಟಾಫಲ್ಲಿ ಬರೋದು ಎಫ್ ಮೇಜರ್, ಒಂದು ಫ್ಲಾಟ್. ಆಲ್ಟೊ ಸ್ಟಾಫಲ್ಲಿ ಸಿ ಮೇಜರ್, ಏನೂ ಇಲ್ಲ. ಅದೇ ಗೆರೆ ಮೇಲಿನ ಸಿ ನೋಡಿ ಕ್ಲಾರಿನೆಟ್‌ನವನು ಊದಿದ್ರೆ ಬಿ ಫ್ಲಾಟ್ ಬರುತ್ತೆ, ಆಲ್ಟೊದವನು ಊದಿದ್ರೆ ಕೆಳಗಿನ ಇ ಫ್ಲಾಟ್. ಒಂದು ಸ್ಟಾಫಿಗೆ ಕೂಡಿಸೋದು ಒಂದೇ ಟ್ರಾನ್ಸ್‌ಪೊಸಿಷನ್ (ಬರೆದ ಸ್ವರಕ್ಕೂ ಕೇಳೋ ಸ್ವರಕ್ಕೂ ಇರೋ ವ್ಯತ್ಯಾಸ) ಇರೋವನ್ನ ಮಾತ್ರ.

ಕ್ಲಾರಿನೆಟ್, ಟ್ರಂಪೆಟ್ ಎರಡೂ ಬಿ ಫ್ಲಾಟ್ ಅಂತ ಅವನ್ನೂ ಸೇರಿಸಬ್ಯಾಡ. ಓದೋಕೆ ಬರುತ್ತೆ, ಆದ್ರೆ ಪ್ಲೇಬ್ಯಾಕಲ್ಲಿ ಎರಡೂ ಕ್ಲಾರಿನೆಟ್ ಸದ್ದೇ. ಸ್ಟಾಫಿಗೊಂದೇ ವಾದ್ಯ, ವಾಯ್ಸ್‌ಗೊಂದಲ್ಲ.

ಐದುಗೆರೆ

ಪ್ಲೇಬ್ಯಾಕ್ ಬಗ್ಗೆ ಒಂದು ಮಾತು. ಒಂದೇ ಸ್ಟಾಫಲ್ಲಿ ಎರಡು ವಾಯ್ಸ್ ಒಂದೇ ಸ್ವರಕ್ಕೆ ಬಂದು, ಒಂದು ಬೇಗ ಮುಗಿದರೆ, ಮಿಡಿಯಲ್ಲಿ (ಸದ್ದು ಹೊರಡಿಸೋಕೆ ಕಂಪ್ಯೂಟರ್ ಕಳಿಸೋ ಸಂಕೇತ) ಗಿಡ್ಡ ನೋಟಿನ ನಿಲ್ಲುವ ಸಂಕೇತವೇ ಉದ್ದ ನೋಟನ್ನೂ ನಿಲ್ಲಿಸಿಬಿಡಬಹುದು. ಬಾರ್ 22ರಲ್ಲಿ ಜಿ ಮಿನಿಮ್ ಅರ್ಧಕ್ಕೆ ಕಡಿದ ಹಾಗೆ ಕೇಳಿದರೆ, ಆ ಜಿ ಕ್ರಾಚೆಟ್ ಆರಿಸಿ ಪ್ರಾಪರ್ಟೀಸ್‌ನಲ್ಲಿ ಪ್ಲೇ ಟಿಕ್ ತೆಗೀರಿ. ಬರೆದದ್ದರಲ್ಲಿ ತಪ್ಪಿಲ್ಲ.

ಕೇಳಿಸೋಕೆ ಚೆನ್ನಾಗಿರೋ ಆಡಿಯೊ ಬೇಕಾದರೆ 12 ಸ್ಟಾಫಿನ ಮೂಲ ಕಡತದಿಂದಲೇ ತೆಗೀರಿ.

ಬೆಣ್ಣೆದೋಸೆ_ಬೀಫ್ಲಾಟ್

ನಾಲ್ಕು ಜೋಡಿಯೂ ಆಯ್ತು. ಈಗ ಪ್ರಿಂಟ್. ಎ4ಗೆ ಎಷ್ಟು ಹಿಡೀತದೆ? ಝೆರಾಕ್ಸ್ ಅಂಗಡಿಯಲ್ಲಿ ಎ5 ಮಾಡಿಸಿದ್ರೆ ಜೇಬಿಗೆ ಬರ್ತದೆ ಅನ್ನೋ ಆಸೆ.

ದುರ್ಗದ_ಟ್ರಂಬೋನ್

ಲೆಕ್ಕ ಹಾಕೋಣ. ಮ್ಯೂಸ್‌ಸ್ಕೋರ್ ಮೂಲ ಅಳತೆಯಲ್ಲಿ ಸ್ಟಾಫ್ ಸ್ಪೇಸ್ 1.75 ಮಿ.ಮೀ., ನಾಲ್ಕು ಸಂದಿಗೆ 7 ಮಿ.ಮೀ. ಸ್ಟಾಫ್ ಎತ್ತರ. ನಡುವಿನ ಅಂತರ ಸೇರಿಸಿ ಒಂದು ಸ್ಟಾಫಿಗೆ ಸುಮಾರು 15 ಹಿಡೀರಿ. ಎ4 ಉದ್ದ 297, ಮೇಲೆ ಕೆಳಗೆ 15 ಬಿಟ್ರೆ 267. 12 ಸ್ಟಾಫ್ ಅಂದ್ರೆ 180, ಪುಟಕ್ಕೆ ಒಂದೇ ಸಿಸ್ಟಂ (ಎಲ್ಲ ವಾದ್ಯದ ಸ್ಟಾಫ್ ಸೇರಿದ ಒಂದು ಸಾಲು), ಉಳಿದ ಜಾಗ ದಂಡ. 8 ಸ್ಟಾಫ್ ಅಂದ್ರೆ 120, ಎರಡು ಸಿಸ್ಟಂಗೆ 240, ಇನ್ನೂ 27 ನಡುವಿನ ಅಂತರಕ್ಕೆ ಉಳಿಯುತ್ತೆ. ಪುಟ ಅರ್ಧಕ್ಕರ್ಧ ಕಮ್ಮಿ. ಕ್ಲಾರಿನೆಟ್ ಲೆಡ್ಜರ್ ಗೆರೆ (ಸ್ಟಾಫಿನ ಹೊರಗಿನ ಸ್ವರಕ್ಕೆ ಹಾಕೋ ಚಿಕ್ಕ ಗೆರೆ) ಮೇಲಕ್ಕೆ ಬಹಳ ಹೋಗೋ ಪುಟದಲ್ಲಿ ಮಾತ್ರ ಸ್ವಲ್ಪ ಬಿಗಿ ಆಗುತ್ತೆ. ಅಲ್ಲಿ 1.65ಕ್ಕೆ ಇಳಿಸಬಹುದು, ಅದಕ್ಕಿಂತ ಕೆಳಗೆ ಬ್ಯಾಡ.

ಎ4ರಿಂದ ಎ5 ಅಂದ್ರೆ ಶೇ. 71. 7 ಮಿ.ಮೀ. ಸ್ಟಾಫು 5 ಆಗುತ್ತೆ. ಎರಡು ವಾಯ್ಸ್ ಇರೋ ಬಾರಲ್ಲಿ ಅದು ಚುಕ್ಕಿ ರಂಗೋಲಿ. ಎ5ಗೆ ಒಬ್ಬೊಬ್ಬರ ಪಾರ್ಟ್ ಕೊಡ್ರಿ, ಅದೂ ಪೇಜ್ ಸೆಟ್ಟಿಂಗ್ಸ್‌ನಲ್ಲೇ ಎ5 ಹಾಕಿ 1.75 ಇಟ್ಟು ಹೊಸದಾಗಿ ಹೊಂದಿಸಿ. ಕುಗ್ಗಿಸಬ್ಯಾಡ್ರಿ. ಅಂಗಡಿಯೋರು ಪಿಡಿಎಫ್ ತೆರೆದಾಗ "ಫಿಟ್ ಟು ಪೇಜ್" ಬ್ಯಾಡ, ನೂರಕ್ಕೆ ನೂರೇ ಹೊಡೀರಿ ಅಂತ ನಿಂತು ಹೇಳ್ರಿ.

ಬೆಣ್ಣೆದೋಸೆ_ಬೀಫ್ಲಾಟ್

ಕೊನೇದು, ಬಾರ್ 30ರಿಂದ 37. ಎಂಟು ಬಾರ್ ಪೂರ್ತಿ ಎರಡನೇ ಕ್ಲಾರಿನೆಟ್ ಮೇಲೆ. ವಾಯ್ಸ್‌ನಲ್ಲಿ ಇಟ್ಟರೆ ಒಂದನೇದರ ಮೇಲ್ಮುಖ ಸ್ಟೆಮ್ಮು ಎರಡನೇದರ ತಲೆಯನ್ನ ಸೀಳ್ಕೊಂಡು ಹೋಗ್ತದೆ.

ಐದುಗೆರೆ

ಒಂದೆರಡು ನೋಟ್ ದಾಟೋದಾದರೆ ಸ್ಟೆಮ್ ಹಾಗೇ ಬಿಡಿ, ಓದ್ಕೊಳ್ತಾರೆ. ಕಾರ್ಡ್ ಮಾತ್ರ ಮಾಡಬೇಡಿ. ಕಾರ್ಡಲ್ಲಿ ಮೇಲಿನ ತಲೆ ಒಂದನೇಯವನದು ಅಂತಲೇ ಓದೋ ರೂಢಿ, ಅದಲುಬದಲು ಆಗಿದ್ದು ಗೊತ್ತೇ ಆಗಲ್ಲ. ಎಂಟು ಬಾರ್ ಅಂದರೆ ಒಂದೇ ಸ್ಟಾಫಿನ ಆಸೆ ಬಿಡಬೇಕು.

ಎರಡನೇ ಸ್ಟಾಫ್ ಇನ್ನೂ ತೆಗೆದಿಲ್ಲ ತಾನೆ? ಅದರಲ್ಲಿ 30ರಿಂದ 37 ಮಾತ್ರ ಉಳಿಸಿ, ಉಳಿದ ಬಾರ್‌ಗಳ ನೋಟ್ ಅಳಿಸಿ. ಮೇಲಿನ ಸ್ಟಾಫಲ್ಲಿ ಆ ಎಂಟು ಬಾರಿನ ಹಸಿರು ನೋಟೂ ರೆಸ್ಟೂ ತೆಗೀರಿ. ಬಾರ್ 29 ಆರಿಸಿ ಎಂಟರ್, ಬಾರ್ 37 ಆರಿಸಿ ಎಂಟರ್, ಎರಡು ಕಡೆ ಸಿಸ್ಟಂ ಬ್ರೇಕ್ ಬೀಳ್ತದೆ. ಸಾಲಿಗೆ ನಾಲ್ಕೇ ಬಾರ್ ಹಿಡಿಯೋದಾದರೆ ಆ ಎಂಟು ಎರಡು ಸಿಸ್ಟಂ ಆಗ್ತಾವೆ, ತೊಂದರೆ ಇಲ್ಲ. ಆಮೇಲೆ ಫಾರ್ಮ್ಯಾಟ್, ಸ್ಟೈಲ್, ಸ್ಕೋರ್ ಪುಟದಲ್ಲಿ ಖಾಲಿ ಸ್ಟಾಫ್ ಮರೆಮಾಡೋ ಆಯ್ಕೆಗೆ ಟಿಕ್. ಕ್ಲಾರಿನೆಟ್ 2 ಆ ಎಂಟು ಬಾರಿಗೆ ಮಾತ್ರ ಕಾಣಿಸ್ಕೊಂಡು ಮತ್ತೆ ಮಾಯ.

ಇದರ ಅಡ್ಡ ಪರಿಣಾಮ: ಟ್ಯೂಬಾ ಒಂದು ಸಾಲು ಪೂರ್ತಿ ಸುಮ್ಮನಿದ್ದರೆ ಅದೂ ಮಾಯ ಆಗ್ತದೆ. ಬೇಡ ಅಂದರೆ ಆ ಸ್ಟಾಫಿನ ಪ್ರಾಪರ್ಟೀಸ್‌ನಲ್ಲಿ ಖಾಲಿ ಇದ್ದಾಗ ಮರೆಮಾಡೋದನ್ನ ನೆವರ್ ಅಂತ ಇಡಿ. ಉಳಿದವಕ್ಕೂ ಹಾಗೇ.

ಬೆಣ್ಣೆದೋಸೆ_ಬೀಫ್ಲಾಟ್

ಆಯ್ತು ಸರ್, ಕೂತ್ಕೊಂಡಿತು. ಆದ್ರೆ 30ನೇ ಬಾರಿನ ಸಾಲು 9 ಸ್ಟಾಫ್ ಆಗಿ ಆ ಪುಟದಲ್ಲಿ ಎರಡನೇ ಸಿಸ್ಟಂ ಮುಂದಿನ ಪುಟಕ್ಕೆ ಹಾರಿತು.

ದುರ್ಗದ_ಟ್ರಂಬೋನ್

ಒಂಬತ್ತೆರಡ್ಲ ಹದಿನೆಂಟು, 270. ನಿಮ್ಮ ಹತ್ರ ಇರೋದು 267. ಆ ಪುಟದ ಸೈಡ್ ಡ್ರಮ್, ಬಾಸ್ ಡ್ರಮ್ ಎರಡನ್ನೂ ಒಂದೇ ಸ್ಟಾಫಿಗೆ ತರ್ರಿ. ಸೈಡ್ ಮೇಲ್ಮುಖ ಸ್ಟೆಮ್, ಬಾಸ್ ಕೆಳಮುಖ, ವಾಯ್ಸ್ 1 ಮತ್ತು 2. ಎರಡೂ ಬೇರೆ ವಾದ್ಯ ಅಂತ ಹೆದರಬ್ಯಾಡ್ರಿ, ಡ್ರಮ್ ಸ್ಟಾಫಲ್ಲಿ ಗೆರೆಗೊಂದು ಸದ್ದು ಇರುತ್ತೆ. ಆದ್ರೆ ಒಂದು ಗೆರೆಯ ಸ್ಟಾಫಿಂದ ಸೀದಾ ಇಂಪ್ಲೋಡ್ ಮಾಡಬ್ಯಾಡ್ರಿ. ಐದು ಗೆರೆಯ ಡ್ರಮ್‌ಸೆಟ್ ಸ್ಟಾಫ್ ಹೊಸದಾಗಿ ಸೇರಿಸಿ ಅದರಲ್ಲೇ ಬರೀರಿ. ಸ್ಕೋರ್ ಪೂರ್ತಿ ಹಾಗೇ ಮಾಡಿದ್ರೆ ಮಾಮೂಲಿ ಸಾಲು 7 ಸ್ಟಾಫು, ಆ ಎಂಟು ಬಾರಿನದು 8. ಎಲ್ಲಾ ಪುಟಕ್ಕೂ ಎರಡೆರಡು ಸಿಸ್ಟಂ ಕೂರುತ್ತೆ.